‘ಲೈನು ನಿಂತಿದೆ’

ಮುಂಗಾರಿನ ಮೊದಲ ಮಳೆ ತಾವರಗೇರಾದ ಮೇಲೆ ಸುರಿಯುವುದಕ್ಕೆ ಮುಂಚೆ ಗಾಳಿ ಬರುತ್ತದೆ. ಮಸಾರಿ ನೆಲದ ಕೆಂಪು ಧೂಳನ್ನು ಹೊತ್ತು ಬರುವ ಆ ಗಾಳಿ ಊರಂಚಿನ ಬೇವಿನ ಮರಗಳನ್ನು ಮುಟ್ಟುವಷ್ಟರಲ್ಲಿ ದೀಪಗಳು ಆರಿಹೋಗುತ್ತವೆ. ಒಡನೆಯೇ ಓಣಿಯಿಂದ ಓಣಿಗೆ ಒಂದೇ ಮಾತು ಹಬ್ಬುತ್ತದೆ: “ಕರೆಂಟ್ ತಗದ್ರು!” ಈಚಿನ ಒಂದು ಸಂಜೆಯೂ ಹೀಗೆಯೇ ಆಯಿತು. ನೆರೆಮನೆಯ ಹಿರಿಯರು ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಉಪಕೇಂದ್ರಕ್ಕೆ ಫೋನು ಮಾಡಿದರು. ಅತ್ತ ಕಡೆ ಕರೆ ತೆಗೆದುಕೊಂಡ ಯಾರೋ ಹುಡುಗನಿಗೆ, ಅವನ ಮನೆತನವನ್ನೂ ಸೇರಿಸಿ, ಐದು ನಿಮಿಷ ಸಹಸ್ರನಾಮವಾಯಿತು. ಕಡೆಯ ಮಾತು ಮಾತ್ರ ತುಸು ಮೆತ್ತಗಿತ್ತು: “ಒಮ್ಮೆ ಹಾಕಿ ನೋಡೋ ತಮ್ಮಾ, ನಿಮ್ಮಪ್ಪನ ಗಂಟೇನು ಹೋಗ್ತೈತಿ?”

ಈ ಕಡೆಯ ಮಾತಿಗೆ ಮುಂದೆ ಬರುತ್ತೇನೆ. ಮೊದಲನೆಯ ಮಾತನ್ನು ಸ್ವಲ್ಪ ವಿಚಾರಿಸಬೇಕಾಗಿದೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ, ಕರ್ತೃವನ್ನು ಮರೆಮಾಡಿದ ವಾಕ್ಯವನ್ನು ಕಂಡರೆ ಸಂಶಯ. ‘ಕರೆಂಟ್ ಹೋಯಿತು’ ಎಂದರೆ ಮಳೆ ಹೋದಂತೆ, ಹೊತ್ತು ಹೋದಂತೆ. ಅಲ್ಲಿ ಯಾರ ತಪ್ಪೂ ಇಲ್ಲ. ‘ತಗದ್ರು’ ಎಂದರೆ ಹಾಗಲ್ಲ. ಅಲ್ಲಿ ಬಹುವಚನದ ಒಬ್ಬ ಕರ್ತೃ ಕತ್ತಲಲ್ಲಿ ನಿಂತಿದ್ದಾನೆ. ಅವನ ಕೈ ಒಂದು ಗುಂಡಿಯ ಮೇಲಿದೆ. ನಮ್ಮ ಮನೆಯ ಬೆಳಕು ಅವನ ಮರ್ಜಿ. ನಮ್ಮ ಜನ ಈ ಕ್ರಿಯಾಪದವನ್ನು ಸುಮ್ಮನೆ ಕಲಿತವರಲ್ಲ. ಲೋಡ್ ಶೆಡ್ಡಿಂಗ್ ಎಂಬುದು ಎಷ್ಟೋ ವರ್ಷ ಈ ಸೀಮೆಯ ದಿನಚರಿಯಾಗಿತ್ತು. ಆಗ ನಿಜವಾಗಿಯೂ ಯಾರೋ ತೆಗೆಯುತ್ತಿದ್ದರು, ಯಾರೋ ಹಾಕುತ್ತಿದ್ದರು. ಇಂದಿಗೂ ಪಂಪ್‌ಸೆಟ್ಟಿನ ತ್ರೀ ಫೇಸ್ ವಿದ್ಯುತ್ತು ದಿನಕ್ಕೆ ಏಳು ಗಂಟೆಯ ಲೆಕ್ಕದಲ್ಲಿ, ಗೊತ್ತುಪಡಿಸಿದ ಹೊತ್ತಿಗೆ ಬಂದು ಹೋಗುವಂಥದು. ಆದುದರಿಂದ ಕರೆಂಟು ಹೋದಾಗಲೆಲ್ಲ ಒಂದು ಕೈಯನ್ನು ಊಹಿಸುವುದು ನಮಗೆ ಸಹಜವಾಗಿದೆ. ಆದರೆ ಗಾಳಿಯ ಸಂಜೆ ಹೋದ ಕರೆಂಟನ್ನು ಯಾರೂ ತೆಗೆದಿರುವುದಿಲ್ಲ. ಹಾಗಾದರೆ ಕರ್ತೃ ಯಾರು?

ಇದನ್ನು ನನಗೆ ತಿಳಿಸಿಕೊಟ್ಟವನು ನನ್ನ ಹಳೆಯ ಶಿಷ್ಯನೊಬ್ಬ. ಪದವಿಪೂರ್ವ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಹಳಗನ್ನಡದ ಪಾಠದಲ್ಲಿ ಶಾಂತವಾಗಿ ನಿದ್ದೆ ಮಾಡುತ್ತಿದ್ದವನು. ಈಗ ಸರಕಾರದ ವಿದ್ಯುತ್ ಪ್ರಸರಣ ಶಾಖೆಯಲ್ಲಿ ಇಂಜಿನಿಯರು. ಅವನದು ‘ಆರ್.ಟಿ.’ ವಿಭಾಗ, ಎಂದರೆ ರಿಲೇಗಳನ್ನು ಪರೀಕ್ಷಿಸುವ ವಿಭಾಗ. ಊರಿಗೆ ಬಂದರೆ ಜನ ಅದನ್ನು ಆರ್.ಟಿ.ಓ. ಎಂದು ತಿಳಿದು ಲೈಸೆನ್ಸು ಮಾಡಿಸಿಕೊಡು ಎಂದು ಗಂಟುಬೀಳುತ್ತಾರೆಂದು ಅವನ ಅಳಲು. ಇಪ್ಪತ್ತೈದು ವರ್ಷಗಳ ಹಿಂದೆಯೇ ವಿದ್ಯುತ್ ಮಂಡಳಿ ಒಡೆದು ನಿಗಮವೂ ಕಂಪನಿಗಳೂ ಆದವು. 1999ರಲ್ಲಿ ಪ್ರಸರಣ ನಿಗಮ, 2002ರಲ್ಲಿ ನಮ್ಮ ಕಡೆಗೆ ಕಲಬುರಗಿಯ ಜೆಸ್ಕಾಂ. ಆದರೂ ತಾವರಗೇರಾದಲ್ಲಿ ಅವನು ಇಂದಿಗೂ ‘ಕೆ.ಇ.ಬಿ.ಯಾಂವ’ನೇ.

ಅವನ ಜೊತೆ ಒಂದು ರಜೆಯ ದಿನ ಉಪಕೇಂದ್ರವನ್ನು ನೋಡುವ ಅವಕಾಶ ಸಿಕ್ಕಿತು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಕಂಡದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ, ಬಲ್ಲವರು ತಿದ್ದಿಕೊಳ್ಳಬಹುದು. ಹೊರಗೆ ಯಾರ್ಡಿನಲ್ಲಿ ಜಲ್ಲಿಕಲ್ಲು ಹಾಸಿದ ನೆಲ, ಅದರ ಮೇಲೆ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರುಗಳು, ಪಿಂಗಾಣಿಯ ಕಂಬಗಳ ಸಾಲು. ನಾವು ಉಪಕೇಂದ್ರವೆಂದು ಕರೆಯುವುದು ಇದನ್ನೇ. ಆದರೆ ಅವನ ಕೆಲಸ ಒಳಗಿನ ಕೋಣೆಯಲ್ಲಿ, ಬೀರುವಿನಂಥ ಪ್ಯಾನೆಲುಗಳ ಮುಂದೆ. ಹೊರಗಿನ ತಂತಿಯಲ್ಲಿ ನೂರಾರು ಆಂಪಿಯರು ಹರಿಯುತ್ತಿದ್ದರೆ, ಅದರ ಒಂದು ಅಳತೆಯ ನೆರಳು, ಒಂದು ಅಥವಾ ಐದು ಆಂಪಿಯರಿನಷ್ಟು ಮಾತ್ರ, ಈ ಪೆಟ್ಟಿಗೆಗಳಿಗೆ ಬರುತ್ತದೆ. ಸಾವಿರಾರು ವೋಲ್ಟಿನ ನೆರಳು 110 ವೋಲ್ಟಾಗಿ ಬರುತ್ತದೆ. ಪೆಟ್ಟಿಗೆಯಲ್ಲಿರುವ ರಿಲೇ ಹಗಲೂ ರಾತ್ರಿ ಈ ನೆರಳುಗಳನ್ನು ನೋಡುತ್ತ ಕುಳಿತಿರುತ್ತದೆ. ಗಾಳಿಗೆ ಎರಡು ತಂತಿ ತಾಗಿದರೆ, ಕೊಂಬೆ ಬಿದ್ದರೆ, ಹಾವು ಕಂಬ ಹತ್ತಿದರೆ ನೆರಳು ಒಮ್ಮೆಲೇ ಹಿಗ್ಗುತ್ತದೆ. ರಿಲೇ ಆಜ್ಞೆ ಕೊಡುತ್ತದೆ. ಯಾರ್ಡಿನಲ್ಲಿರುವ ಬ್ರೇಕರು ಬಿಚ್ಚಿಕೊಳ್ಳುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತದ್ದು. ದೊಡ್ಡ ಮಾರ್ಗಗಳಲ್ಲಿ ಈ ನೋಟ, ತೀರ್ಮಾನ, ಆಜ್ಞೆ, ಬಿಚ್ಚುವಿಕೆ ಎಲ್ಲವೂ ಐದು ಆವರ್ತಗಳೊಳಗೆ, ಎಂದರೆ ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಲ್ಲಿ, ಮುಗಿಯಬೇಕು. ಊರಿಗೆ ಬರುವ 11 ಕಿಲೋವೋಲ್ಟಿನ ಫೀಡರಿನಲ್ಲಿ ತುಸು ನಿಧಾನ. ಅಲ್ಲಿಯ ರಿಲೇಗೆ ಕರೆಂಟು ಹೆಚ್ಚಿದಷ್ಟೂ ಆತುರ ಹೆಚ್ಚು, ಕಡಿಮೆಯಿದ್ದರೆ ತಾಳ್ಮೆ ಹೆಚ್ಚು. ಬಲ್ಲ ಮನುಷ್ಯರಲ್ಲಿ ಕೂಡ ಅಪರೂಪವಾದ ಗುಣ.

‘ತಗದ್ರು’ ಎಂಬ ವಾಕ್ಯದ ಕರ್ತೃ ಈ ರಿಲೇ. ಅದು ತೆಗೆದದ್ದು ನಮ್ಮನ್ನು ಕಾಡಲೆಂದಲ್ಲ. ಹೊಲಗಾವಲಿನವನು ಮಂಚಿಕೆಯ ಮೇಲಿಂದ ಕೂಗಿದರೆ ನಾವು ಅವನನ್ನು ಬೈಯುವುದಿಲ್ಲ. ರಿಲೇ ಕೂಗಿದರೆ ಬೈಯುತ್ತೇವೆ.

ಆ ದಿನ ನಾನು ಅತಿಯಾಗಿ ಬೆರಗಾದದ್ದು ಇನ್ನೊಂದು ಕೋಣೆಯಲ್ಲಿ. ಅಲ್ಲಿ ಮರದ ಅಡ್ಡಣಿಗೆಗಳ ಮೇಲೆ ಐವತ್ತೈದು ಬ್ಯಾಟರಿ ಸೆಲ್ಲುಗಳು, ಒಂದೊಂದೂ ಎರಡು ವೋಲ್ಟಿನವು, ಸಾಲಾಗಿ ಕುಳಿತಿದ್ದವು. ಊರಿಗೆಲ್ಲ ವಿದ್ಯುತ್ತು ಹಂಚುವ ಮನೆಯಲ್ಲಿ ಬ್ಯಾಟರಿ ಏತಕ್ಕೆ ಎಂದು ಕೇಳಿದೆ. “ಸರ, ಲೈನ್ಯಾಗ ದೋಷ ಆದಾಗ ಆ ಲೈನಿನ ಕರೆಂಟನ್ನ ನಂಬಿ ಬ್ರೇಕರ್ ತಗಿಯಾಕ ಆಗ್ತೈತೇನ್ರಿ? ಮನಿಗೆ ಬೆಂಕಿ ಬಿದ್ದಾಗ ಅದ ಮನಿ ಹಗೇವಿನ್ಯಾಗ ನೀರು ಇಟ್ಟಂಗ ಆಗ್ತೈತಿ” ಎಂದ. ರಿಲೇ ಎಷ್ಟೇ ಜಾಣನಾಗಿರಲಿ, ಬ್ಯಾಟರಿ ಸತ್ತಿದ್ದರೆ ಅದರ ಆಜ್ಞೆ ಬ್ರೇಕರಿಗೆ ಮುಟ್ಟುವುದಿಲ್ಲ. ಲಕ್ಷಾಂತರ ರೂಪಾಯಿಯ ಟ್ರಾನ್ಸ್‌ಫಾರ್ಮರಿನ ಜೀವ, ಸೆಲ್ಲುಗಳಿಗೆ ಶುದ್ಧನೀರು ಹಾಕಲು ಮರೆಯದ ಒಬ್ಬ ಪರಿಚಾರಕನ ಕೈಯಲ್ಲಿದೆ. ಅವನು ಅದನ್ನು ಮರೆಯದೆ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅವನ ಕೆಲಸದ ಫಲ. ವರ್ಷಾಂತ್ಯದ ವರದಿಯಲ್ಲಿ ‘ಏನೂ ಆಗಲಿಲ್ಲ’ ಎಂಬ ಸಾಲಿಗೆ ಬಡ್ತಿ ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಕಾವಲುಗಾರನಿಂದ ಎರಡು ಬಗೆಯ ತಪ್ಪು ಆಗಬಹುದು. ನೆಂಟ ಬಂದಾಗ ದೊಣ್ಣೆ ಎತ್ತುವುದು ಒಂದು. ಕಳ್ಳ ಬಂದಾಗ ಸುಮ್ಮನಿರುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ದೇಶ ಕೊಟ್ಟ ಉದಾಹರಣೆ ಲೋಕಪ್ರಸಿದ್ಧವಾಗಿದೆ. 2012ರ ಜುಲೈ 30ರ ನಸುಕಿನಲ್ಲಿ ಉತ್ತರ ಭಾರತ ಕತ್ತಲಾಯಿತು. ಹೇಗೋ ಎದ್ದು ನಿಂತ ಜಾಲ ಮರುದಿನ ಮಧ್ಯಾಹ್ನ ಮತ್ತೆ ಕುಸಿದು, ಈ ಸಲ ಪೂರ್ವವನ್ನೂ ಈಶಾನ್ಯವನ್ನೂ ಎಳೆದುಕೊಂಡು ಬಿದ್ದಿತು. ಅರವತ್ತು ಕೋಟಿಗೂ ಮೀರಿದ ಜನ ವಾಸಿಸುವ ಪ್ರದೇಶವದು. ಹಲವು ಮಾರ್ಗಗಳನ್ನು ಕೆಲಸಕ್ಕಾಗಿ ಬಂದು ಮಾಡಿದ್ದರು, ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆಯುತ್ತಿದ್ದವು, ಎಲ್ಲವೂ ನಿಜ. ಆದರೆ ಎರಡು ದಿನವೂ ಕಡೆಯ ಎಳೆ ಹರಿದದ್ದು ಬೀನಾ–ಗ್ವಾಲಿಯರ್ ನಡುವಣ 400 ಕಿಲೋವೋಲ್ಟಿನ ಮಾರ್ಗದಲ್ಲಿ. ಅಲ್ಲಿ ತಂತಿ ಹರಿದಿರಲಿಲ್ಲ, ಮರ ಬಿದ್ದಿರಲಿಲ್ಲ. ಹೊರೆ ವಿಪರೀತವಾಗಿ ವೋಲ್ಟೇಜು ತಗ್ಗಿದಾಗ, ಆ ಭಾರದ ನೆರಳು ರಿಲೇಗೆ ದೂರದಲ್ಲೆಲ್ಲೋ ಆದ ದೋಷದಂತೆ ಕಂಡಿತು. ಅದು ತನಗೆ ಹೇಳಿಕೊಟ್ಟಂತೆ ಮಾರ್ಗವನ್ನು ಬಿಚ್ಚಿತು. ನೆಂಟನ ಮೇಲೆ ದೊಣ್ಣೆ ಬಿದ್ದಿತು.

ಅಂದು ದಕ್ಷಿಣಕ್ಕೆ ಏನೂ ಆಗಲಿಲ್ಲ, ಏಕೆಂದರೆ ನಮ್ಮ ಜಾಲ ಆಗ ಉತ್ತರದ ಜಾಲದೊಡನೆ ಒಂದೇ ತಾಳಕ್ಕೆ ಕೂಡಿಕೊಂಡಿರಲಿಲ್ಲ. ಕೂಡಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರದ 765 ಕಿಲೋವೋಲ್ಟಿನ ಮಾರ್ಗದಿಂದ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ರಾಯಚೂರೇ ನಮ್ಮ ಜಿಲ್ಲಾಕೇಂದ್ರ. ಎಂದಮೇಲೆ ದೇಶದ ಎರಡು ಜಾಲಗಳಿಗೆ ಗಂಟು ಹಾಕಿದ್ದು ನಮ್ಮ ಹಿತ್ತಲಿನಲ್ಲಿಯೇ ಎನ್ನಬಹುದು. ಒಕ್ಕೂಟದಲ್ಲಿ ಬಲವೂ ಇದೆ, ಒಬ್ಬರ ಕಷ್ಟ ಎಲ್ಲರಿಗೂ ತಟ್ಟುವ ಭಯವೂ ಇದೆ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ದೇಶಗಳು ಹಗಲಿನಲ್ಲಿಯೇ ಕತ್ತಲಾದವು. ಅಲ್ಲಿ ವೋಲ್ಟೇಜು ಮಿತಿಮೀರಿ ಏರಿತು. ಉತ್ಪಾದನಾ ಕೇಂದ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದರ ಹಿಂದೊಂದು ಕಳಚಿಕೊಂಡವು. ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಸಿರಿವಂತ ದೇಶಗಳ ಕಾವಲೂ ಪರಿಪೂರ್ಣವಲ್ಲ ಎನ್ನುವುದಕ್ಕೆ ಈ ಮಾತು.

ನಮ್ಮ ಸೀಮೆಗೆ ಇದರಲ್ಲಿ ಹೊಸದೊಂದು ಪಾತ್ರ ಬಂದಿದೆ. ಮೊದಲು ನಾವು ಜಾಲದ ಬಾಲ; ಎಲ್ಲಿಂದಲೋ ಹುಟ್ಟಿದ ವಿದ್ಯುತ್ತು ನಮ್ಮಲ್ಲಿಗೆ ಬಂದು ಮುಗಿಯುತ್ತಿತ್ತು. ಈಗ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಎರೆಹೊಲಗಳ ಮೇಲೆ ಗಾಳಿಯಂತ್ರಗಳು ಎದ್ದು ನಿಂತಿವೆ. ಜೋಳದ ಬೆಳೆಯ ಮೇಲೆ ಅವುಗಳ ರೆಕ್ಕೆಯ ನೆರಳು ಸುತ್ತುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದವರುಂಟು. ನಾವೀಗ ಕೊಡುವವರೂ ಆಗಿದ್ದೇವೆ. ಸಂತೋಷವೇ. ಆದರೆ ನನ್ನ ಶಿಷ್ಯನ ನಿದ್ದೆ ಕೆಡಿಸಿರುವುದೂ ಇದೇ. ಮುನಿರಾಬಾದಿನ ಜಲಯಂತ್ರವಾಗಲಿ ಶಕ್ತಿನಗರದ ಉಷ್ಣಯಂತ್ರವಾಗಲಿ ತಿರುಗುವ ದೊಡ್ಡ ಗಾತ್ರ. ಲೈನಿನಲ್ಲಿ ದೋಷವಾದರೆ ಅವು ಮಾಮೂಲಿನ ಹಲವು ಪಟ್ಟು ಕರೆಂಟನ್ನು ಅತ್ತ ನೂಕುತ್ತವೆ. ರಿಲೇಗಳು ಕಳ್ಳನನ್ನು ಗುರುತಿಸಲು ಕಲಿತದ್ದು ಈ ಭಾರವಾದ ಹೆಜ್ಜೆಯ ಸದ್ದಿನಿಂದ. ಪಾವಗಡದ ಸೌರಫಲಕಗಳೂ ಹೊಸ ಗಾಳಿಯಂತ್ರಗಳಲ್ಲಿ ಹೆಚ್ಚಿನವೂ ಎಲೆಕ್ಟ್ರಾನಿಕ್ ಸಾಧನದ ಮೂಲಕ ಜಾಲವನ್ನು ಸೇರುತ್ತವೆ. ದೋಷವಾದಾಗ ಆ ಸಾಧನ ಮಾಮೂಲಿಗಿಂತ ತುಸುವೇ ಹೆಚ್ಚಿನ ಕರೆಂಟನ್ನು ಬಿಟ್ಟು ಕೈಕಟ್ಟಿಕೊಳ್ಳುತ್ತದೆ. ಕಳ್ಳ ಈಗ ಬರಿಗಾಲಲ್ಲಿ ಮೆಲ್ಲಗೆ ಬರುತ್ತಾನೆ. ಹೊಸ ಯಂತ್ರ ಬಂದಾಗಲೆಲ್ಲ, ಹೊಸ ಲೈನು ಎಳೆದಾಗಲೆಲ್ಲ, ಸುತ್ತಲಿನ ರಿಲೇಗಳ ಲೆಕ್ಕವನ್ನೆಲ್ಲ ಮತ್ತೆ ಹಾಕಬೇಕು. ಕಂಬಗಳನ್ನು ಒಂದು ಬೇಸಗೆಯಲ್ಲಿ ನಿಲ್ಲಿಸಬಹುದು; ಈ ಲೆಕ್ಕ ಹಾಕಬಲ್ಲವರನ್ನು ಒಂದು ಬೇಸಗೆಯಲ್ಲಿ ತಯಾರಿಸುವುದು ಸಾಧ್ಯವಿಲ್ಲ.

ಈಗ ಎರಡನೆಯ ತಪ್ಪಿಗೆ, ಕಳ್ಳ ಬಂದಾಗ ಸುಮ್ಮನಿರುವ ತಪ್ಪಿಗೆ, ಬರಬೇಕು. ಇದರ ಕಥೆಯನ್ನು ಅವನು ನನಗೆ ಹೇಳಿದ್ದು ಉಪಕೇಂದ್ರದಲ್ಲಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ, ಊಟವಾದ ಮೇಲೆ, ಬಹಳ ಹೊತ್ತು ಸುಮ್ಮನಿದ್ದು. ಊರಿನ ಹೆಸರು ಬೇಡ. ಅವನು ನೌಕರಿಗೆ ಸೇರಿದ ಹೊಸದು. ಒಂದು ಬೇಸಗೆಯ ರಾತ್ರಿ, ಮಳೆಯಿಲ್ಲದ ಒಣಗಾಳಿ. ಒಂದು ಫೀಡರು ಟ್ರಿಪ್ ಆಯಿತು. ಪವರ್‌ಮ್ಯಾನ್ ಬ್ಯಾಟರಿ ದೀಪ ಹಿಡಿದು ಲೈನಿನ ಗುಂಟ ಹುಡುಕುತ್ತ ಹೋದ. ಅಷ್ಟರಲ್ಲಿ ಉಪಕೇಂದ್ರದ ಗೇಟಿನಲ್ಲಿ ನಲವತ್ತು ಐವತ್ತು ಜನ ಸೇರಿದರು. ಅವರದೂ ನ್ಯಾಯವೇ. ಸಾಲ ಮಾಡಿ ಕೊಳವೆಬಾವಿ ಕೊರೆಸಿ ದಾಳಿಂಬೆ ಹಚ್ಚಿದವರು. ಪಾಳಿಯ ಏಳು ಗಂಟೆಯಲ್ಲಿ ಎರಡು ಆಗಲೇ ಕಳೆದಿತ್ತು. ರಾತ್ರಿಯ ಪಾಳಿಗಾಗಿ ಹಾವು ಚೇಳು ತುಳಿದುಕೊಂಡು ಹೊಲಕ್ಕೆ ಹೋಗಿ ಬಂದವರು. ಅವರು ಕೇಳಿದ್ದು ನಮ್ಮ ನೆರೆಮನೆಯ ಹಿರಿಯರು ಕೇಳಿದ ಅದೇ ಮಾತು: “ಒಮ್ಮೆ ಹಾಕಿ ನೋಡ್ರಿ.”

“ಹಾಕು ಅಂದಾಂವ ನಾನ, ಸರ.”

ಹಾಕಿದರು. ಬ್ರೇಕರು ಹಿಡಿದುಕೊಂಡಿತು, ಟ್ರಿಪ್ ಆಗಲಿಲ್ಲ. ಜನ ಚಪ್ಪಾಳೆ ತಟ್ಟಿ ಹೊಲಗಳ ಕಡೆ ಓಡಿದರು. ಪಾಳಿಯ ಹುಡುಗ ಪವರ್‌ಮ್ಯಾನಿಗೆ ಫೋನು ಮಾಡಿ ಹೇಳಿದ: “ಅಣ್ಣಾ, ಲೈನ್ ನಿಂತೈತಿ.”

ವಾಚಕರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಉಪಕೇಂದ್ರದ ಭಾಷೆಯಲ್ಲಿ ‘ಲೈನ್ ನಿಂತೈತಿ’ ಎಂದರೆ ಲೈನು ತಾಳಿಕೊಂಡಿದೆ, ಬೀಳದೆ ನಿಂತಿದೆ, ಅದರಲ್ಲಿ ಕರೆಂಟು ಹರಿಯುತ್ತಿದೆ ಎಂದರ್ಥ. ಎರಡು ಮೈಲಿ ದೂರದಲ್ಲಿ, ಹೊಲದ ದಾರಿಗೆ ಅಡ್ಡವಾಗಿ ಹರಿದುಬಿದ್ದ ತಂತಿಯನ್ನು ಆಗತಾನೆ ದೀಪದ ಬೆಳಕಿನಲ್ಲಿ ಕಂಡಿದ್ದ ಆ ಪವರ್‌ಮ್ಯಾನಿಗೆ ‘ಲೈನ್ ನಿಂತೈತಿ’ ಎಂದರೆ ಲೈನು ನಿಂತುಹೋಗಿದೆ, ಅದರಲ್ಲಿ ಏನೂ ಇಲ್ಲ ಎಂದರ್ಥ. ಗಡಿಯಾರ ನಿಂತಿದೆ ಎನ್ನುವುದಿಲ್ಲವೇ, ಮಳೆ ನಿಂತಿದೆ ಎನ್ನುವುದಿಲ್ಲವೇ? ಕಂಬ ನಿಂತಿದೆ ಎಂದೂ ಹೇಳುತ್ತೇವೆ. ‘ನಿಲ್ಲು’ ಧಾತುವಿಗೆ ಈ ಎರಡು ಅರ್ಥಗಳಿರುವುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಸ್ವಾರಸ್ಯವೆಂದು ಹೇಳಿದ್ದೇನೆ.

ಅವನು ತಂತಿಯನ್ನು ಎತ್ತಿ ದಾರಿಯ ಬದಿಗೆ ಸರಿಸಬೇಕೆಂದು ಬಾಗಿದ. ಅವನ ಬೆನ್ನು ಹತ್ತಿ ಬಂದಿದ್ದ ಊರ ನಾಯಿಯೊಂದು ಅವನಿಗಿಂತ ನಾಲ್ಕು ಮಾರು ಮುಂದಿತ್ತು. ಅದು ಒಂದು ಸದ್ದನ್ನೂ ಮಾಡದೆ ಬಿದ್ದುಬಿಟ್ಟಿತು. ಅವನು ಉಳಿದ.

ಹರಿದು ನೆಲಕ್ಕೆ ಬಿದ್ದ ತಂತಿಯನ್ನು ರಿಲೇ ಏಕೆ ಕಾಣಲಿಲ್ಲ? ಮೊದಲ ಸಲ ಟ್ರಿಪ್ ಆದದ್ದು, ಹರಿದ ತಂತಿ ಬೀಳುವಾಗ ಪಕ್ಕದ ತಂತಿಯನ್ನೋ ಕಂಬದ ಕಬ್ಬಿಣವನ್ನೋ ತಾಗಿದ್ದಕ್ಕೆ. ಆಮೇಲೆ ಅದು ಬಿದ್ದದ್ದು ತಿಂಗಳುಗಟ್ಟಲೆ ಹನಿ ಕಾಣದ ಮಸಾರಿ ನೆಲದ ಮೇಲೆ. ಒಣಗಿದ ಉಸುಕುಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ನೆಲಕ್ಕೆ ಇಳಿಯುವ ಕರೆಂಟು ತೀರ ಅಲ್ಪ, ಕೆಲವೊಮ್ಮೆ ಒಂದು ತೋಟದ ಮೋಟರು ಎಳೆಯುವುದಕ್ಕಿಂತಲೂ ಕಡಿಮೆ. ರಿಲೇಗೆ ಅದು ಇನ್ನೊಬ್ಬ ರೈತನ ಮೋಟರಿನಂತೆಯೇ ಕಾಣುತ್ತದೆ. ಅದನ್ನೂ ಹಿಡಿಯುವಷ್ಟು ಸೂಕ್ಷ್ಮವಾಗಿ ರಿಲೇಯನ್ನು ಕಟ್ಟಿದರೆ ಊರಿನ ಕರೆಂಟು ಗಳಿಗೆಗೊಮ್ಮೆ ಹೋಗುತ್ತದೆ. ಲೋಕದಲ್ಲೆಲ್ಲ ಇಂಜಿನಿಯರುಗಳನ್ನು ಕಾಡಿರುವ ಈ ಸಮಸ್ಯೆಗೆ ಹೊಸ ಉಪಕರಣಗಳು ಬಂದಿವೆಯಾದರೂ ಪೂರ್ಣ ಪರಿಹಾರ ಇನ್ನೂ ಇಲ್ಲ. ಆದುದರಿಂದ, ಟ್ರಿಪ್ ಆದ ಲೈನನ್ನು ‘ಹಾಕಿ ನೋಡಿದಾಗ’ ಅದು ಹಿಡಿದುಕೊಂಡಿತೆಂದರೆ ಎಲ್ಲವೂ ಸರಿಯಾಯಿತು ಎಂದಲ್ಲ. ಕಾವಲುಗಾರ ಒಮ್ಮೆ ಕೂಗಿದ್ದನ್ನು ನಾವು ಕೇಳದೆ, ಎರಡನೆಯ ಸಲ ಅವನಿಗೆ ಕಾಣದ ಜಾಗದಲ್ಲಿ ಕಳ್ಳ ಕುಳಿತಿರಬಹುದು. ಆ ರಾತ್ರಿಯ ಪುಸ್ತಕದಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ಸೊಗಸಾಗಿ ದಾಖಲಾಗಿದೆಯಂತೆ, ನಾಯಿಯ ವಿಷಯವೊಂದಿಲ್ಲ.

ನಾಯಿ ಇಲ್ಲದ ಕಡೆ ಮನುಷ್ಯರು ಹೋಗುತ್ತಾರೆ. 2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಕಾಡುಗೋಡಿಯ ಬಳಿ, ಕಾಲುದಾರಿಯ ಮೇಲೆ ಬಿದ್ದಿದ್ದ ತಂತಿಯನ್ನು ತುಳಿದು ತಾಯಿಯೊಬ್ಬಳೂ ಅವಳ ತೋಳಿನ ಹಸುಗೂಸೂ ಸತ್ತರು. ರಾಜಧಾನಿಯಾದ್ದರಿಂದ ನಾಡಿಗೆಲ್ಲ ತಿಳಿಯಿತು. ಕೆಲವು ಅಧಿಕಾರಿಗಳ ಅಮಾನತೂ ಆಯಿತು. ಹೊಲದ ಬದುವಿನಲ್ಲಿ ಆಗುವ ಇಂಥ ಸಾವುಗಳು ಜಿಲ್ಲಾ ಪುಟದ ಒಂದು ಮೂಲೆಯಲ್ಲಿ ನಾಲ್ಕು ಸಾಲಾಗಿ ಮುಗಿಯುತ್ತವೆ.

ವಿಧಾನಸಭೆಯಲ್ಲಾಗಲಿ ಸಂತೆಯ ಚಹಾದಂಗಡಿಯಲ್ಲಾಗಲಿ ವಿದ್ಯುತ್ತಿನ ಚರ್ಚೆ ನಮ್ಮಲ್ಲಿ ಎಂದೂ ಕಡಿಮೆಯಿಲ್ಲ. ಎಷ್ಟು ಮೆಗಾವಾಟ್ ಉತ್ಪಾದನೆ, 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಎಷ್ಟು ಗಂಟೆ, 2023ರಿಂದ ಗೃಹಜ್ಯೋತಿಯಲ್ಲಿ ಮನೆಗೆ ಎಷ್ಟು ಯೂನಿಟ್ಟು. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಉಚಿತ ಯೂನಿಟ್ಟನ್ನು ಹಂಗಿಸುವ ಸುಖವಂತರ ಸಾಲಿನಲ್ಲಿ ನಾನಿಲ್ಲ. ಆದರೆ ನಮ್ಮ ಫೀಡರಿನ ರಿಲೇಯನ್ನು ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ, ಬ್ಯಾಟರಿಯ ಸೆಲ್ಲುಗಳಲ್ಲಿ ಎಷ್ಟು ಸತ್ತಿವೆ, ತುಕ್ಕು ಹಿಡಿದ ತಂತಿಯನ್ನು ಬದಲಿಸಿ ಎಷ್ಟು ವರ್ಷವಾಯಿತು, ರಾತ್ರಿ ಪಾಳಿಯಲ್ಲಿ ಎಷ್ಟು ಜನರಿದ್ದಾರೆ, ಅವರು ಖಾಯಂ ನೌಕರರೋ ಗುತ್ತಿಗೆಯವರೋ ಎಂದು ಕೇಳಿದ ಶಾಸಕರನ್ನು ನಾನು ಕಂಡಿಲ್ಲ. ಕೇಳಿದ ಮತದಾರರನ್ನೂ ಕಂಡಿಲ್ಲ. ಗೇಟಿನಲ್ಲಿ ಸೇರಿದ ಐವತ್ತು ಜನರೆದುರು ‘ಲೈನು ನಡೆದು ನೋಡಿ ಬರುವವರೆಗೆ ಹಾಕುವುದಿಲ್ಲ’ ಎಂದು ಹೇಳಬೇಕಾದವನು, ನಾಳೆ ಕೆಲಸ ಇರುತ್ತದೆಯೋ ಇಲ್ಲವೋ ತಿಳಿಯದ ಗುತ್ತಿಗೆಯ ಹುಡುಗನಾದರೆ, ಆ ಮಾತು ಅವನ ಗಂಟಲಿನಿಂದ ಹೊರಡುವುದೆಂತು? ಅವನ ಬೆನ್ನಿಗೆ ಕಾಯಂ ನೌಕರಿ ಇರಬೇಕು, ಬರೆದಿಟ್ಟ ನಿಯಮ ಇರಬೇಕು, ಆ ನಿಯಮವನ್ನು ಊರ ಹಿರಿಯರೂ ಓದಿರಬೇಕು.

ಪ್ರಸರಣ ನಿಗಮ 2024ರ ಅಕ್ಟೋಬರಿನಲ್ಲಿ ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಒಟ್ಟು 2975 ಜನರನ್ನು ಕರೆಯಿತು. ನಮ್ಮ ಕಾಲೇಜಿನ ಹುಡುಗರು ಬಯಲಿನಲ್ಲೊಂದು ಕಂಬ ಹುಡುಕಿಕೊಂಡು ಬೆಳಗಿನ ಜಾವ ಹತ್ತಿ ಇಳಿದು ಅಭ್ಯಾಸ ಮಾಡಿದ್ದನ್ನು ಕಣ್ಣಾರೆ ನೋಡಿದೆ, ಏಕೆಂದರೆ ಕಂಬ ಹತ್ತುವುದು ಅದರ ಪರೀಕ್ಷೆಗಳಲ್ಲೊಂದು. ಒಬ್ಬ ತಂದೆ ಕೆಳಗೆ ನಿಂತು ಮಗನಿಗೆ ಹುರಿದುಂಬಿಸುತ್ತಿದ್ದ. ಬಡವರ ಮಕ್ಕಳಿಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಮೇಲೆ ಸಿಕ್ಕುವ ಸರಕಾರಿ ನೌಕರಿ ದೊಡ್ಡದು. ಆ ಕಂಬದ ತುದಿಯಲ್ಲಿ ಒಂದು ಮನೆತನದ ಆಸೆ ಇತ್ತು. ಆದರೆ ಆ ಹುಡುಗರನ್ನು ಉಳಿಸುವುದು ಹತ್ತಬಲ್ಲ ಕಾಲಲ್ಲ. ಯಾವಾಗ ಹತ್ತಬಾರದೆಂದು ತಿಳಿದ ತಲೆ.

ಆ ತಿಳಿವಳಿಕೆ ಅವರಿಗೆ ಯಾವ ಭಾಷೆಯಲ್ಲಿ ಬರಬೇಕು? ಕವಿರಾಜಮಾರ್ಗದ ಕಾಲದಲ್ಲಿಯೇ ತಿರುಳ್ಗನ್ನಡದ ನಾಡಿನ ಎಲ್ಲೆಯಾಗಿ ಎಣಿಕೆಗೊಂಡ ಕೊಪಣ ನಮ್ಮ ಕೊಪ್ಪಳ. ಅದೇ ನೆಲದ ಉಪಕೇಂದ್ರದಲ್ಲಿ ರಿಲೇಯ ಗಾಜಿನ ಮೇಲೆ ಮೂಡುವ ಅಕ್ಷರ ಇಂಗ್ಲಿಷು, ಪುಸ್ತಕ ಇಂಗ್ಲಿಷು, ಲೈನ್ ಕ್ಲಿಯರಿನ ಚೀಟಿ ಇಂಗ್ಲಿಷು. ಕೆಲಸ ಮಾಡುವವನ ಮಾತು ಮಾತ್ರ ಕನ್ನಡ. ಬರೆಯುವ ಭಾಷೆ ಒಂದು, ಆಡುವ ಭಾಷೆ ಒಂದು ಆದಾಗ, ಆಡುವ ಭಾಷೆಗೆ ಯಾರೂ ಕಾವಲಿರುವುದಿಲ್ಲ; ‘ನಿಂತೈತಿ’ ಎಂಬುದು ಅಲ್ಲಿ ಹಾಗೆಯೇ ನುಸುಳಿಕೊಂಡಿತು. ಇದರಲ್ಲಿ ಇಂಜಿನಿಯರುಗಳನ್ನು ದೂರುವುದು ಸುಲಭ. ನನ್ನ ಈ ಶಿಷ್ಯನಿಗೆ ನಾನೇ ಎರಡು ವರ್ಷ ಕನ್ನಡ ಕಲಿಸಿದೆ. ರಜೆಯ ಅರ್ಜಿ ಬರೆಯುವುದನ್ನು ಕಲಿಸಿದೆ, ಅಲಂಕಾರ ಛಂದಸ್ಸು ಕಲಿಸಿದೆ, ಶ್ಲೇಷೆಯನ್ನು ಎರಡು ದಿನ ವಿವರಿಸಿದೆ. ಎರಡು ಅರ್ಥ ಬಾರದ ಒಂದು ವಾಕ್ಯವನ್ನು ಹೇಗೆ ಬರೆಯಬೇಕೆಂಬುದನ್ನು ಒಂದು ದಿನವೂ ಕಲಿಸಲಿಲ್ಲ.

ಆ ರಾತ್ರಿ ಪಡಸಾಲೆಯಿಂದ ಏಳುವಾಗ ಅವನು ಕೇಳಿದ: “ಸರ, ನಿಂತೈತಿ ಅನ್ನೂದು ಬ್ಯಾಡ. ಅದಕ್ಕ ಒಂದು ಶಬ್ದ ಮಾಡಿ ಕೊಡ್ರಿ. ಐತಿ ಅಂತ ಒಂದು, ಇಲ್ಲ ಅಂತ ಒಂದು.” ನನಗೆ ಹುರುಪು ಬಂದಿತು. ನಿಘಂಟುಗಳನ್ನು ಕೆಳಗಿಳಿಸಿ, ಒಂದು ವಾರ ಹೆಣಗಿ, ‘ವಿದ್ಯುನ್ಮಯ’, ‘ನಿರ್ವಿದ್ಯುತ್’ ಎಂದು ಎರಡು ಶಬ್ದಗಳನ್ನು ಟಂಕಿಸಿ ಕಳಿಸಿದೆ. ಅವನು ಅವನ್ನು ವಿನಯದಿಂದ ಒಯ್ದು ಪಾಳಿಯ ಹುಡುಗರ ಮುಂದೆ ಇಟ್ಟನಂತೆ. ಅವರು ಅರ್ಧಗಂಟೆ ನಕ್ಕು, ತಮ್ಮದೇ ಒಂದು ಕ್ರಮ ಮಾಡಿಕೊಂಡರು. ಫೋನಿನಲ್ಲಿ ಇನ್ನು ಮುಂದೆ ಎರಡೇ ಮಾತು: ‘ತಂತಿಯಾಗ ಕರೆಂಟ್ ಐತಿ’, ‘ತಂತಿಯಾಗ ಕರೆಂಟ್ ಇಲ್ಲ’. ಕೇಳಿಸಿಕೊಂಡವನು ಅದನ್ನೇ ತಿರುಗಿ ಹೇಳಬೇಕು. ಹೇಳದಿದ್ದರೆ ಫೋನು ಇಡುವಂತಿಲ್ಲ. ‘ಇಲ್ಲ’ ಎಂದರೂ ಚೀಟಿ ಕೈಗೆ ಬಂದು ಲೈನಿಗೆ ನೆಲದ ತಂತಿ ಕಟ್ಟುವವರೆಗೆ ಮುಟ್ಟುವಂತಿಲ್ಲ. ಅವರು ಇದನ್ನು ಒಂದು ರಟ್ಟಿನ ಮೇಲೆ ಬರೆದು ಫೋನಿನ ಪಕ್ಕದಲ್ಲಿ ತೂಗುಹಾಕಿದ್ದಾರೆ. ಅದರ ಚಿತ್ರವನ್ನು, ತಪ್ಪಿದ್ದರೆ ತಿದ್ದಿ ಕೊಡಿ ಎಂದು ಅವನು ನನಗೆ ಕಳಿಸಿದ. ‘ಇಲ್ಲ’ ಎಂಬುದನ್ನು ಅವರು ‘ಇಲ್ಲಾ’ ಎಂದು ದೀರ್ಘವಾಗಿ ಬರೆದಿದ್ದರು. ಕೆಂಪು ಶಾಯಿಯ ಲೇಖನಿಗೆ ಕೈ ಹೋಗಿತ್ತು. ಗಾಳಿಯ ರಾತ್ರಿ ಫೋನಿನಲ್ಲಿ ದೀರ್ಘವೇ ಚೆನ್ನಾಗಿ ಕೇಳಿಸುತ್ತದೆಂದು ನೆನೆದು, ಹಾಗೆಯೇ ಬಿಟ್ಟೆ.